ಕೆಟ್ಟ ಕಮೆಂಟ್ ಬಂದಾಗ ಯಾವುದು ಮೊದಲು, ಯಾವುದು ಆಮೇಲೆ: ಕನ್ನಡ ಚಾನೆಲ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

"ಅಕ್ಕ, ಆ ಕಮೆಂಟ್ ಡಿಲೀಟ್ ಮಾಡಿಬಿಟ್ಟೆ. ಈಗ ಸ್ಟೇಷನ್‌ನಲ್ಲಿ ಸ್ಕ್ರೀನ್‌ಶಾಟ್ ಕೇಳ್ತಿದ್ದಾರೆ. ಏನು ಮಾಡ್ಲಿ?"

ನನಗೆ ಬರುವ ಮೆಸೇಜುಗಳಲ್ಲಿ ಜಾಸ್ತಿ ಇದೇ ಧಾಟಿಯವು. ಅದರ ಹಿಂದೆಯೇ ಬರುವುದು ಇದು: "ಒಂದೇ ಒಂದು ಉತ್ತರ ಕೊಟ್ಟೆ ಅಕ್ಕ, ಈಗ ಊರವರೆಲ್ಲ ಬಂದು ಬೈತಿದ್ದಾರೆ."

ಡಿಲೀಟ್ ಮಾಡುವುದು ತಪ್ಪಲ್ಲ. ಉತ್ತರ ಕೊಡುವುದೂ ತಪ್ಪಲ್ಲ. ಮಾಡಿದ ಹೊತ್ತು ತಪ್ಪು. ಕುಕ್ಕರ್‌ನ ಪ್ರೆಷರ್ ಇಳಿಯುವ ಮೊದಲೇ ಮುಚ್ಚಳಕ್ಕೆ ಕೈ ಹಾಕಿದ ಹಾಗೆ. ದಾವಣಗೆರೆಯಲ್ಲಿ ಕೂತು ಅಡುಗೆ ಚಾನೆಲ್ ನಡೆಸುವ ನಾನೂ ಮೊದಲ ಎರಡು ವರ್ಷ ಹೀಗೇ ಕೈ ಸುಟ್ಟುಕೊಂಡೆ. "ಮನಸ್ಸು ಗಟ್ಟಿ ಮಾಡ್ಕೋ" ಅಂತ ಎಲ್ಲರೂ ಹೇಳಿದರು. ಅದರಿಂದ ಏನೂ ಆಗಲಿಲ್ಲ. ಕೆಲಸಕ್ಕೆ ಬಂದದ್ದು ಒಂದು ಕ್ರಮ: ತಡೆದುಕೊಳ್ಳುವುದು, ಬೇರ್ಪಡಿಸುವುದು, ಉಳಿಸುವುದು, ಮರೆಮಾಡುವುದು, ಆಮೇಲೆ ಬೇಕಿದ್ದರೆ ಉತ್ತರ. ಮುಂದಿರುವ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮೊದಲು: ಬೇಕಾದ ಸಾಮಾನು

ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಮೊಬೈಲ್‌ನ ಯೂಟ್ಯೂಬ್ ಸ್ಟುಡಿಯೊ ಆಪ್‌ನಲ್ಲಿ ಕಮೆಂಟ್ ಓದಬಹುದು, ಆದರೆ ಸೆಟ್ಟಿಂಗ್ಸ್ ಬದಲಿಸಲು ದೊಡ್ಡ ಪರದೆಯೇ ಸಲೀಸು. ಸ್ವಂತದ್ದು ಇಲ್ಲದಿದ್ದರೆ ಮನೆಯವರದ್ದು ಒಂದು ಮಧ್ಯಾಹ್ನಕ್ಕೆ ತೆಗೆದುಕೊಳ್ಳಿ. ಸೈಬರ್ ಸೆಂಟರ್‌ನಲ್ಲಿ ಮಾತ್ರ ಚಾನೆಲ್‌ಗೆ ಲಾಗಿನ್ ಆಗಬೇಡಿ.

ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಜೊತೆಗೆ ಒಂದು ಶೀಟ್, ಇಲ್ಲವೇ ಸುಮ್ನೆ ಒಂದು ನೋಟ್‌ಬುಕ್. ಅದರಲ್ಲಿ ತಾರೀಖು, ಯಾವ ವಿಡಿಯೊ, ಬರೆದವರ ಹ್ಯಾಂಡಲ್ (@ ಗುರುತಿನಿಂದ ಶುರುವಾಗುವ ಹೆಸರು), ಕಮೆಂಟಿನ ಲಿಂಕ್, ನೀವು ಏನು ಮಾಡಿದಿರಿ ಎಂದು ಐದು ಕಾಲಂ ಸಾಕು.

ಇನ್ನೊಂದು ಬೇಕು: ನಂಬಿಕೆಯ ಒಬ್ಬ ಮನುಷ್ಯ. ನನಗೆ ನನ್ನ ತಂಗಿ. ಅವಳಿಗೆ ಅಡುಗೆ ಬರುವುದಿಲ್ಲ, ಹಾಗಾಗಿ ಅಡುಗೆಗೆ ಬಂದ ಬೈಗುಳ ಅವಳಿಗೆ ನಾಟುವುದಿಲ್ಲ. ಇಂಥವರೇ ಬೇಕು. ಯೂಟ್ಯೂಬ್‌ನಲ್ಲಿ ಅವರನ್ನು ಮಾಡರೇಟರ್, ಅಂದರೆ ಕಮೆಂಟ್ ನೋಡಿಕೊಳ್ಳುವವರು, ಮಾಡಬಹುದು. ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ, ಕೊಡಲೂ ಬೇಡಿ.

ಈಗ, ಇನ್ನೂ ಯಾರೂ ಬೈದಿಲ್ಲದಾಗಲೇ, ನಿಮ್ಮ ಹಳೆಯ ವಿಡಿಯೊಗಳನ್ನು ಒಮ್ಮೆ ಅಪರಿಚಿತರ ಕಣ್ಣಿನಿಂದ ನೋಡಿ. ಮನೆ ಮುಂದಿನ ನೇಮ್ ಬೋರ್ಡ್ ಕಾಣುತ್ತಿದೆಯಾ? ಸ್ಕೂಟರ್ ನಂಬರ್? ಕೊರಿಯರ್ ಪೊಟ್ಟಣದ ಮೇಲಿನ ವಿಳಾಸ? ಮಕ್ಕಳ ಯೂನಿಫಾರ್ಮ್ ಮೇಲಿನ ಶಾಲೆ ಹೆಸರು? ಫೇಸ್‌ಬುಕ್‌ನಲ್ಲಿ ಹಾಕಿದ ಗೃಹಪ್ರವೇಶದ ಕಾರ್ಡ್ ಎಲ್ಲರಿಗೂ ಕಾಣುವಂತಿದೆಯಾ? ಬೈಗುಳ ಬೆದರಿಕೆಯಾಗುವುದು ಇಂಥ ಮಾಹಿತಿ ಸಿಕ್ಕಾಗ. ಯೂಟ್ಯೂಬ್ ಎಡಿಟರ್‌ನಲ್ಲಿ ಹಳೆಯ ವಿಡಿಯೊದ ತುಣುಕನ್ನು ಕತ್ತರಿಸಬಹುದು, ಮಸುಕು ಮಾಡಬಹುದು. ಮತ್ತೆ ಅಪ್‌ಲೋಡ್ ಮಾಡಬೇಕಿಲ್ಲ. ವ್ಯವಹಾರಕ್ಕೆ ಬೇರೆ ಇಮೇಲ್, ಬೇರೆ ಸಿಮ್ ಇಡಿ.

## ಹಂತ 1: ಕೈ ತಡೆಯಿರಿ

ಕಮೆಂಟ್ ನೋಟಿಫಿಕೇಶನ್ ಆಫ್ ಮಾಡಿ. ಯೂಟ್ಯೂಬ್ ಸ್ಟುಡಿಯೊ, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂರರಲ್ಲೂ. ದಿನಕ್ಕೆ ಎರಡೇ ಹೊತ್ತು ಗೊತ್ತು ಮಾಡಿಕೊಳ್ಳಿ. ನನ್ನದು ಬೆಳಗ್ಗೆ 11 ಮತ್ತು ಸಂಜೆ 5. ಒಂದೊಂದು ಸಲಕ್ಕೆ 20 ನಿಮಿಷ. ಊಟಕ್ಕೆ ಮುಂಚೆ ಬೇಡ, ಮಲಗುವ ಮುಂಚೆ ಖಂಡಿತ ಬೇಡ.

ಮೊದಲ ಸುತ್ತಿನಲ್ಲಿ ಓದುವುದು ಮಾತ್ರ. ಏನನ್ನೂ ಒತ್ತಬೇಡಿ. ಲೈಕ್, ಡಿಲೀಟ್, ರಿಪ್ಲೈ ಯಾವುದೂ ಇಲ್ಲ. ತುಂಬಾ ಚುಚ್ಚಿದ ಕಮೆಂಟ್ ಇದ್ದರೆ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಎಷ್ಟು ಖಾರವಾಗಿ ಬೇಕಾದರೂ. ಮರುದಿನ ಓದಿ. ನನ್ನ ನೋಟ್‌ಬುಕ್‌ನಲ್ಲಿ ಅಂಥ ಮೂವತ್ತಕ್ಕೂ ಹೆಚ್ಚು ಉತ್ತರಗಳಿವೆ. ಕಳಿಸಲು ಯೋಗ್ಯವಾದದ್ದು ಎರಡು.

ಸಾಮಾನ್ಯ ತಪ್ಪು: ವಿಡಿಯೊ ಹಾಕಿದ ಮೊದಲ ಗಂಟೆಯಲ್ಲಿ ಪ್ರತಿ ನಿಮಿಷಕ್ಕೆ ಕಮೆಂಟ್ ನೋಡುವುದು. ನೂರು ಒಳ್ಳೆಯ ಮಾತಿನ ನಡುವೆ ಒಂದು ಕೆಟ್ಟದ್ದಿದ್ದರೆ ನಮ್ಮ ತಲೆ ಅದನ್ನೇ ಹಿಡಿದುಕೊಳ್ಳುತ್ತದೆ. ಇದು ನಿಮ್ಮೊಬ್ಬರ ದೌರ್ಬಲ್ಯ ಅಲ್ಲ, ಮನುಷ್ಯರ ತಲೆ ಇರುವುದೇ ಹಾಗೆ. ಅದಕ್ಕೇ ಆ ಮೊದಲ ಗಂಟೆ ತಂಗಿ ಫೋನ್ ಹಿಡಿಯುತ್ತಾಳೆ, ನಾನು ಪಾತ್ರೆ ತೊಳೆಯುತ್ತೇನೆ.

## ಹಂತ 2: ಮೊರದಲ್ಲಿ ಹಾಕಿ ಕೇರಿ

ಜನ ಎಡವುವುದು ಜಾಸ್ತಿ ಇಲ್ಲೇ. ಬೈದದ್ದೆಲ್ಲ ದ್ವೇಷ ಅಂತ ಒಂದೇ ಗುಂಪಿಗೆ ಹಾಕಿಬಿಡುತ್ತಾರೆ. ನಾಲ್ಕು ಗುಂಪು ಮಾಡಿ.

ಕೆಲಸದ ಮಾತು. ದನಿ ಒರಟಾಗಿದ್ದರೂ ಒಳಗೆ ಒಂದು ವಿಷಯ ಇರುತ್ತದೆ. ನನ್ನ ಬಿಸಿಬೇಳೆ ಬಾತ್ ವಿಡಿಯೊಗೆ ಒಬ್ಬರು ಬರೆದಿದ್ದರು: "ತಲೆ ಇದೆಯಾ? ಇಷ್ಟು ನೀರಿಗೆ ಇದು ಬಿಸಿಬೇಳೆ ಬಾತ್ ಆಗಲ್ಲ, ಇಟ್ಟಿಗೆ ಆಗುತ್ತೆ." ನನಗೆ ಉರಿದುಹೋಯಿತು. ಮರೆಮಾಡಿದೆ. ಎರಡು ತಿಂಗಳಾದ ಮೇಲೆ ಬೇರೊಬ್ಬರು ಅದನ್ನೇ ನಯವಾಗಿ ಹೇಳಿದಾಗ ವಿಡಿಯೊ ತೆಗೆದು ನೋಡಿದೆ. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆಗೆ 6 ಲೋಟ ನೀರು ಅಂತ ಬಾಯಲ್ಲಿ ಹೇಳಿದ್ದೇನೆ, ಪರದೆ ಮೇಲೆ 3 ಅಂತ ಬಿದ್ದಿದೆ. ಎರಡು ತಿಂಗಳು ಎಷ್ಟು ಮನೆಯಲ್ಲಿ ಇಟ್ಟಿಗೆ ಬೆಂದಿತೋ!

ಈ ಗುಂಪನ್ನು ಗುರುತಿಸಲು ಒಂದು ಉಪಾಯವಿದೆ. ಕಮೆಂಟಿನಲ್ಲಿರುವ ಬೈಗುಳವನ್ನೆಲ್ಲ ಹೊಡೆದುಹಾಕಿ. ಉಳಿದದ್ದರಲ್ಲಿ ಪರೀಕ್ಷಿಸಿ ನೋಡಬಹುದಾದ ಮಾತು ಇದೆಯಾ? ಅಳತೆ, ಸಮಯ, ಹೆಸರು, ಧ್ವನಿ ಕೇಳಿಸದಿರುವುದು, ಲಿಂಕ್ ತೆರೆಯದಿರುವುದು? ಇದ್ದರೆ ಅದು ಕೆಲಸದ ಮಾತು. ಏನೂ ಉಳಿಯದಿದ್ದರೆ ಅಲ್ಲ. ನಿಮಗೆ ಕೋಪ ಬಂದಾಗ ಈ ಪರೀಕ್ಷೆಯನ್ನು ನಂಬಿಕೆಯ ಆ ಇನ್ನೊಬ್ಬರು ಮಾಡಲಿ.

ರುಚಿಯ ಜಗಳ. "ಬಿಸಿಬೇಳೆ ಬಾತಿಗೆ ಈರುಳ್ಳಿ ಹಾಕ್ತಾರಾ?" "ಸಾರಿಗೆ ಬೆಲ್ಲ ಹಾಕಿ ಪಾಯಸ ಮಾಡಿದ್ರಲ್ಲ." "ಇದು ಯಾವ ಸೀಮೆ ಕನ್ನಡ?" ಹುಬ್ಬಳ್ಳಿಯವರ ಮಾತಿಗೆ ಮೈಸೂರಿನವರು, ಮಂಗಳೂರಿನವರ ಮಾತಿಗೆ ಕಲಬುರಗಿಯವರು, ಹಕಾರಕ್ಕೆ ಅಕಾರ ಬಂದರೆ ಎಲ್ಲರೂ. ಇದರಲ್ಲಿ ಅರ್ಧ ಊರಿನ ಅಭಿಮಾನ, ಅರ್ಧ ಬೇಸರ ಕಳೆಯುವ ಹರಟೆ. ಹಾಗೇ ಬಿಡಿ. ಆದರೆ ಊಟದ ಮಾತು ಜಾತಿಯ ಮಾತಾಗಿ ತಿರುಗಿದರೆ ಅದು ಮುಂದಿನ ಗುಂಪಿಗೆ ಸೇರುತ್ತದೆ.

ಬರೀ ಬೈಗುಳ. ಬಣ್ಣ, ಮೈ, ಜಾತಿ, ಗಂಡ, ಸೀರೆ, ಮದುವೆ ಆಗಿದೆಯೋ ಇಲ್ಲವೋ. ಹೆಣ್ಣುಮಕ್ಕಳ ಚಾನೆಲ್‌ನಲ್ಲಿ ರೊಟ್ಟಿ ತಟ್ಟಿದರೂ ಇದು ಬರುತ್ತದೆ. ಇದಕ್ಕೆ ಉತ್ತರ ಇಲ್ಲ. ಹಂತ 3, ಆಮೇಲೆ ಹಂತ 4, ಅಷ್ಟೇ.

ಅಪಾಯ. ಹೊಡೆಯುತ್ತೇನೆ, ಕೊಲ್ಲುತ್ತೇನೆ ಎನ್ನುವುದು. ನಿಮ್ಮ ವಿಳಾಸ, ಫೋನ್ ನಂಬರ್, ಮಗುವಿನ ಶಾಲೆ ಬರೆಯುವುದು. ತಿರುಚಿದ ಫೋಟೊ. ದುಡ್ಡು ಕೊಡದಿದ್ದರೆ ಚಾನೆಲ್‌ಗೆ ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ಯೂಟ್ಯೂಬ್ ಹಾಕುವ ದಂಡದ ಗುರುತು) ಹಾಕಿಸುತ್ತೇನೆ ಎನ್ನುವುದು. ಇದನ್ನು 11 ಗಂಟೆ, 5 ಗಂಟೆ ಅಂತ ಕಾಯಿಸಬೇಡಿ. ನೇರ ಹಂತ 3 ಮುಗಿಸಿ ಹಂತ 8ಕ್ಕೆ ಹೋಗಿ.

ನಿಮ್ಮ ಚಾನೆಲ್‌ನದೇ ಹೆಸರು, ಚಿತ್ರ ಇಟ್ಟುಕೊಂಡು "ನೀವು ಗೆದ್ದಿದ್ದೀರಿ, ಟೆಲಿಗ್ರಾಂಗೆ ಬನ್ನಿ" ಎನ್ನುವ ಕಮೆಂಟ್‌ಗಳು ಬೈಗುಳಕ್ಕಿಂತ ಕೆಟ್ಟವು, ದುಡ್ಡು ಕಳೆದುಕೊಳ್ಳುವುದು ನಿಮ್ಮ ನೋಡುಗರು. ಕಂಡ ತಕ್ಷಣ ಸ್ಪ್ಯಾಮ್ ಅಂತ ರಿಪೋರ್ಟ್ ಮಾಡಿ.

## ಹಂತ 3: ಮೊದಲು ಉಳಿಸಿ

ಬೈಗುಳ ಮತ್ತು ಅಪಾಯ, ಈ ಎರಡು ಗುಂಪಿಗೆ ಮಾತ್ರ. ಸುಮ್ನೆ ಎಲ್ಲವನ್ನೂ ಉಳಿಸಿದರೆ ನೀವೇ ನಿಮಗಾಗಿ ಬೈಗುಳದ ಆಲ್ಬಂ ಮಾಡಿಕೊಂಡ ಹಾಗೆ.

1. ಕಮೆಂಟಿನ ಪಕ್ಕ "3 ದಿನಗಳ ಹಿಂದೆ" ಎಂಬಂಥ ಸಮಯ ಇರುತ್ತದೆ. ಬ್ರೌಸರ್‌ನಲ್ಲಿ ಯೂಟ್ಯೂಬ್ ತೆರೆದು ಅದರ ಮೇಲೆ ಒತ್ತಿ. ಆ ಕಮೆಂಟ್ ಮೇಲಕ್ಕೆ ಬರುತ್ತದೆ, ವಿಳಾಸಪಟ್ಟಿಯಲ್ಲಿ ಅದರದೇ ಲಿಂಕ್ ಸಿಗುತ್ತದೆ. ಕಾಪಿ ಮಾಡಿ ಶೀಟಿಗೆ ಹಾಕಿ.

2. ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಲಿಂಕ್, ಹ್ಯಾಂಡಲ್, ಕಮೆಂಟ್, ಕಂಪ್ಯೂಟರಿನ ತಾರೀಖು, ಗಂಟೆ ಎಲ್ಲಾ ಒಂದೇ ಚಿತ್ರದಲ್ಲಿ ಇರಲಿ. ಕಮೆಂಟನ್ನಷ್ಟೇ ಕತ್ತರಿಸಿ ಇಟ್ಟರೆ ಮುಂದೆ ಯಾರು ಬರೆದದ್ದು ಅಂತ ತೋರಿಸಲು ಕಷ್ಟ.

3. ಬರೆದವರ ಪ್ರೊಫೈಲ್ ತೆರೆದು ಅದರ ಸ್ಕ್ರೀನ್‌ಶಾಟ್ ಕೂಡ ತೆಗೆಯಿರಿ. ಹೆಸರು, ಚಿತ್ರ, ಹ್ಯಾಂಡಲ್ ಮೂರನ್ನೂ ಅವರು ನಾಳೆ ಬದಲಿಸಬಹುದು. ಚಾನೆಲ್ ಐಡಿ ಬದಲಾಗುವುದಿಲ್ಲ. ಪ್ರೊಫೈಲ್‌ನ "ಶೇರ್ ಚಾನೆಲ್" ಒತ್ತಿದರೆ ಐಡಿ ಕಾಪಿ ಮಾಡುವ ಆಯ್ಕೆ ಇರುತ್ತದೆ.

4. ಬೆದರಿಕೆಯಾಗಿದ್ದರೆ ಪ್ರೊಫೈಲ್‌ನಿಂದ ಕಮೆಂಟ್‌ವರೆಗೆ ಹೋಗುವುದನ್ನು ಸ್ಕ್ರೀನ್ ರೆಕಾರ್ಡ್ ಮಾಡಿ. ಅರ್ಧ ನಿಮಿಷದ ಕೆಲಸ.

5. ಡ್ರೈವ್ ಫೋಲ್ಡರ್‌ಗೆ ಹಾಕಿ. ಫೋನಿನಲ್ಲಿರುವ ಮೂಲ ಚಿತ್ರವನ್ನು ಅಳಿಸಬೇಡಿ. ಪ್ರಕರಣ ನಡೆಯುತ್ತಿರುವಾಗ ಫೋನ್ ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ. ಕೋರ್ಟಿಗೆ ಇಂಥ ಡಿಜಿಟಲ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಆಗ ಯಾವ ಸಾಧನದಿಂದ ತೆಗೆದದ್ದು ಎಂಬ ಪ್ರಶ್ನೆ ಬರುತ್ತದೆ.

ಸಾಮಾನ್ಯ ತಪ್ಪು: ಸ್ಕ್ರೀನ್‌ಶಾಟ್ ತೆಗೆದು ಅದನ್ನು ಸ್ಟೋರಿಗೆ ಹಾಕಿ "ನೋಡಿ ಇವನ ಯೋಗ್ಯತೆ" ಅಂತ ಬರೆಯುವುದು. ನಿಮ್ಮ ನೋಡುಗರು ಹೋಗಿ ಅವನನ್ನು ಬೈಯುತ್ತಾರೆ, ಅವನ ಗೆಳೆಯರು ಬಂದು ನಿಮ್ಮನ್ನು ಬೈಯುತ್ತಾರೆ. ಒಬ್ಬರ ಮೇಲೆ ಜನರನ್ನು ಬಿಡುವುದು ಯೂಟ್ಯೂಬ್ ನಿಯಮದಲ್ಲೂ ತಪ್ಪೇ. ದೂರು ಕೊಡಬೇಕಾದ ನೀವೇ ದೂರಿಗೆ ಗುರಿಯಾಗುತ್ತೀರಿ.

## ಹಂತ 4: ಡಿಲೀಟ್ ಅಲ್ಲ, ಮರೆ

ಡಿಲೀಟ್ ಮಾಡಿದರೆ ಬರೆದವನಿಗೆ ಗೊತ್ತಾಗುತ್ತದೆ. "ಡಿಲೀಟ್ ಮಾಡ್ತೀಯಾ?" ಅಂತ ಹತ್ತು ಸಲ ಬರೆಯುತ್ತಾನೆ. ಮರೆಮಾಡಿದರೆ ಗೋಡೆಗೆ ಮಾತಾಡುತ್ತಾ ಕೂತಿರುತ್ತಾನೆ.

ಯೂಟ್ಯೂಬ್‌ನಲ್ಲಿ ಕಮೆಂಟಿನ ಪಕ್ಕದ ಮೂರು ಚುಕ್ಕಿ ಒತ್ತಿ "ಹೈಡ್ ಯೂಸರ್ ಫ್ರಮ್ ಚಾನೆಲ್" ಆರಿಸಿ. ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಹಳೆಯ ಕಮೆಂಟ್‌ಗಳೆಲ್ಲ ಕಾಣೆಯಾಗಲು ಸ್ವಲ್ಪ ಹೊತ್ತು ಹಿಡಿಯಬಹುದು, ಗಾಬರಿ ಬೇಡ.

ಇನ್‌ಸ್ಟಾಗ್ರಾಂನಲ್ಲಿ "ರಿಸ್ಟ್ರಿಕ್ಟ್" ಇದೆ. ಅವರ ಹೊಸ ಕಮೆಂಟ್ ನೀವು ಒಪ್ಪಿದರೆ ಮಾತ್ರ ಬೇರೆಯವರಿಗೆ ಕಾಣುತ್ತದೆ, ಮೆಸೇಜು ರಿಕ್ವೆಸ್ಟ್ ಡಬ್ಬಿಗೆ ಹೋಗುತ್ತದೆ, ನೀವು ಓದಿದ್ದು ಅವರಿಗೆ ಗೊತ್ತಾಗುವುದಿಲ್ಲ. ನೆಂಟರು, ಪಕ್ಕದ ಮನೆಯವರು, ಹಳೆಯ ಸಹೋದ್ಯೋಗಿಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬ್ಲಾಕ್ ಮಾಡಿದರೆ ಮದುವೆ ಮನೆಯಲ್ಲಿ ಮುಖ ನೋಡಬೇಕಲ್ವಾ?

ಫೇಸ್‌ಬುಕ್ ಪೇಜ್‌ನಲ್ಲಿ "ಹೈಡ್ ಕಮೆಂಟ್" ಒತ್ತಿದರೆ ಬರೆದವರಿಗೂ ಅವರ ಫ್ರೆಂಡ್ಸ್‌ಗೂ ಕಮೆಂಟ್ ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಕಾಣುವುದಿಲ್ಲ.

ಎಚ್ಚರಿಕೆ: ಕೆಲಸದ ಮಾತನ್ನೂ ರುಚಿಯ ಜಗಳವನ್ನೂ ಮರೆಮಾಡುತ್ತಾ ಹೋದರೆ ಕಮೆಂಟ್ ಜಾಗದಲ್ಲಿ ಬರೀ "ಸೂಪರ್ ಅಕ್ಕ" ಉಳಿಯುತ್ತದೆ. ಜನ ಅದನ್ನು ನೋಡಿಯೇ ಅನುಮಾನ ಪಡುತ್ತಾರೆ.

## ಹಂತ 5: ಜರಡಿ ಕಟ್ಟಿ

ಒಂದೊಂದನ್ನೇ ಕೈಯಲ್ಲಿ ಆರಿಸುತ್ತಾ ಕೂತರೆ ಜೀವಮಾನ ಸಾಲದು. ಯೂಟ್ಯೂಬ್ ಸ್ಟುಡಿಯೊದಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಕಮ್ಯುನಿಟಿ ಮಾಡರೇಶನ್, ಅದರೊಳಗೆ "ಬ್ಲಾಕ್ಡ್ ವರ್ಡ್ಸ್". ಇಲ್ಲಿ ಹಾಕಿದ ಪದ ಇರುವ ಕಮೆಂಟ್ ನೇರ ಕಾಣದೆ ಪರಿಶೀಲನೆಯ ಡಬ್ಬಿಗೆ ಹೋಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಇದೇ ಕೆಲಸಕ್ಕೆ "ಹಿಡನ್ ವರ್ಡ್ಸ್" ಇದೆ. ಪದ, ಇಮೋಜಿ ಎರಡನ್ನೂ ಹಾಕಬಹುದು.

ಕನ್ನಡದವರಿಗೆ ಇಲ್ಲಿ ಎರಡು ತೊಡಕು.

ಮೊದಲನೆಯದು ಲಿಪಿ. ನಮ್ಮವರು ಬೈಯುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. "ನಾಯಿ" ಎಂಬ ಒಂದೇ ಪದವನ್ನು ಎನ್-ಎ-ಎ-ವೈ-ಐ ಅಂತ ಒಬ್ಬ, ಎನ್-ಎ-ವೈ-ಐ ಅಂತ ಇನ್ನೊಬ್ಬ, ವೈ ಬಿಟ್ಟು ಮತ್ತೊಬ್ಬ ಬರೆಯುತ್ತಾನೆ. ಹಾಗಾಗಿ ಪ್ರತಿ ಪದಕ್ಕೆ ಕನ್ನಡ ಲಿಪಿಯದು ಒಂದು, ಇಂಗ್ಲಿಷ್ ಅಕ್ಷರದ್ದು ಮೂರೋ ನಾಲ್ಕೋ ರೂಪ ಹಾಕಿ. ನಡುವೆ ಚುಕ್ಕಿ, ನಕ್ಷತ್ರ ಹಾಕಿ ಬರೆಯುವವರೂ ಇದ್ದಾರೆ. ಊಹಿಸುತ್ತಾ ಕೂರಬೇಡಿ. ನಿಮ್ಮ ಶೀಟಿನಲ್ಲಿ ಈಗಾಗಲೇ ಇರುವ ಕಮೆಂಟ್‌ಗಳಿಂದಲೇ ಪದಗಳನ್ನು ಎತ್ತಿಕೊಳ್ಳಿ.

ಎರಡನೆಯದು ವಿಭಕ್ತಿ. "ನಾಯಿ" ಹಾಕಿದ ಮಾತ್ರಕ್ಕೆ "ನಾಯಿಗೆ", "ನಾಯಿತರ" ಎಲ್ಲಾ ಸಿಕ್ಕೇ ಸಿಗುತ್ತವೆ ಅಂತ ನಂಬಬೇಡಿ. ಜಾಸ್ತಿ ಬರುವ ರೂಪಗಳನ್ನೂ ಸೇರಿಸಿ.

ಹಾಗಂತ ಸಿಕ್ಕ ಪದವನ್ನೆಲ್ಲ ತುಂಬಬೇಡಿ. ನಾನು ಉತ್ಸಾಹದಲ್ಲಿ "ಹಂದಿ" ಹಾಕಿದ್ದೆ. ಆಮೇಲೆ ಕೊಡಗಿನ ಪಂದಿ ಕರಿ ವಿಡಿಯೊ ಮಾಡಿದೆ. ಎರಡು ದಿನ ಕಮೆಂಟೇ ಇಲ್ಲ. ಮಾಂಸ ಎಷ್ಟು ಹೊತ್ತು ಬೇಯಬೇಕು ಅಂತ ಕೇಳಿದವರೆಲ್ಲ ಡಬ್ಬಿಯೊಳಗೆ ಕೂತಿದ್ದರು. "ನಾಯಿ" ಕಥೆಯೂ ಅಷ್ಟೇ. "ನಾಯಿ ಬೊಗಳಿದರೆ ದೇವಲೋಕ ಹಾಳಾ ಅಕ್ಕ, ನೀವು ಮುಂದುವರಿಸಿ" ಅಂತ ಧೈರ್ಯ ಹೇಳಲು ಬಂದವರನ್ನೂ ಜರಡಿ ಹಿಡಿದಿತ್ತು.

ಪದಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್, ಮನೆ ಬೀದಿಯ ಹೆಸರು, ಮಕ್ಕಳ ಹೆಸರು, ಶಾಲೆಯ ಹೆಸರನ್ನೂ ಸೇರಿಸಿ. ಇದನ್ನು ಮಾಡುವವರು ಕಡಿಮೆ, ಆದರೆ ಪದಪಟ್ಟಿಯ ನಿಜವಾದ ಉಪಯೋಗ ಇದೇ ಅಂತ ನನಗನ್ನಿಸುತ್ತದೆ. ಅಲ್ಲೇ "ಬ್ಲಾಕ್ ಲಿಂಕ್ಸ್" ಕೂಡ ಆನ್ ಮಾಡಿ.

ಇನ್ನೊಂದು ಗಮನಿಸಿ. ಕಮೆಂಟ್‌ಗಳ ಡಿಫಾಲ್ಟ್ ಸೆಟ್ಟಿಂಗ್ ಬದಲಿಸಿದರೆ ಅದು ಮುಂದೆ ಹಾಕುವ ವಿಡಿಯೊಗಳಿಗೆ. ಹಳೆಯದರಲ್ಲಿ ಬದಲಾಗಬೇಕಿದ್ದರೆ ಆ ವಿಡಿಯೊದ ಎಡಿಟ್ ಪುಟಕ್ಕೇ ಹೋಗಬೇಕು. ಮಕ್ಕಳು ಮುಖ್ಯವಾಗಿ ಕಾಣುವ ವಿಡಿಯೊಗಳಲ್ಲಿ ಕಮೆಂಟ್ ಪೂರ್ತಿ ಆಫ್ ಮಾಡಿ. ಇದರಲ್ಲಿ ಚೌಕಾಶಿ ಬೇಡ.

## ಹಂತ 6: ಉತ್ತರ ಕೊಡುವುದಾದರೆ

ಕೆಲಸದ ಮಾತಿಗೆ ಉತ್ತರ ಕೊಡಲೇಬೇಕು. ರುಚಿಯ ಜಗಳಕ್ಕೆ ಮನಸ್ಸಿದ್ದರೆ ಕೊಡಿ. ಬೈಗುಳಕ್ಕೆ ಇಲ್ಲ, ಅಪಾಯಕ್ಕೆ ಇಲ್ಲವೇ ಇಲ್ಲ. ಒಬ್ಬರಿಗೆ ಒಂದೇ ಉತ್ತರ. ಅವರು ಮತ್ತೆ ಬರೆದರೆ ಕೊನೆಯ ಮಾತು ಅವರದ್ದೇ ಆಗಲಿ ಬಿಡಿ.

ನೀರಿನ ಅಳತೆಯವರಿಗೆ ನಾನು ಕೊನೆಗೆ ಬರೆದದ್ದು: "ಹೌದು ಸರ್, ಪರದೆ ಮೇಲೆ ತಪ್ಪಾಗಿದೆ. 6 ಲೋಟ ಆಗಬೇಕು. ಮೇಲೆ ಪಿನ್ ಮಾಡಿದ್ದೇನೆ. ಹೇಳಿದ್ದಕ್ಕೆ ಥ್ಯಾಂಕ್ಸ್." ಅವರ "ತಲೆ ಇದೆಯಾ" ಎಂಬ ಮಾತನ್ನು ಮುಟ್ಟಲಿಲ್ಲ. ಸರಿಯಾದ ಅಳತೆಯನ್ನು ಪಿನ್ ಮಾಡಿದೆ, ಡಿಸ್ಕ್ರಿಪ್ಷನ್‌ನ ಮೊದಲ ಸಾಲಿಗೂ ಹಾಕಿದೆ. ಹಾಕಿದ ವಿಡಿಯೊದ ಜಾಗಕ್ಕೆ ತಿದ್ದಿದ ವಿಡಿಯೊ ಹಾಕಲು ಯೂಟ್ಯೂಬ್‌ನಲ್ಲಿ ಬರುವುದಿಲ್ಲವಾದ್ದರಿಂದ ಇದೇ ದಾರಿ.

ರುಚಿಯ ಜಗಳಕ್ಕೆ: "ನಮ್ಮ ಕಡೆ ಈರುಳ್ಳಿ ಹಾಕ್ತೀವಿ. ನಿಮ್ಮ ಮನೆಯಲ್ಲಿ ಹೇಗೆ ಮಾಡ್ತೀರಾ ಹೇಳಿ, ಒಮ್ಮೆ ಮಾಡಿ ನೋಡ್ತೀನಿ." ಹೀಗೆ ಬರೆದ ಮೇಲೆ ಅವರು ಒಂದು ಪುಟ ಬರೆಯುತ್ತಾರೆ. ನನ್ನ ಮೂರು ವಿಡಿಯೊಗಳು ಹುಟ್ಟಿದ್ದು ಅಂಥ ಪುಟಗಳಿಂದ.

ಬರೆಯಬಾರದ ಸಾಲುಗಳೂ ಇವೆ. "ಗೊತ್ತಿದ್ರೆ ನೀವೇ ವಿಡಿಯೊ ಮಾಡಿ." "ಇಷ್ಟ ಇಲ್ದಿದ್ರೆ ನೋಡ್ಬೇಡಿ." "ನಿಮ್ಮ ಮನೇಲಿ ಅಕ್ಕ ತಂಗಿ ಇಲ್ವಾ?" ಮೂರನೆಯದು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಅದಕ್ಕೆ ಬರುವ ಉತ್ತರಗಳು ಮೂಲ ಕಮೆಂಟಿಗಿಂತ ಹೊಲಸಾಗಿರುತ್ತವೆ, ನಾನು ನೋಡಿಬಿಟ್ಟಿದ್ದೇನೆ. ಬೇರೆ ಅಕೌಂಟ್ ಮಾಡಿಕೊಂಡು ನಿಮ್ಮ ಪರವಾಗಿ ನೀವೇ ವಾದಿಸುವುದೂ ಬೇಡ. ಸಿಕ್ಕಿಬಿದ್ದರೆ ಅದೇ ಒಂದು ವಿಡಿಯೊ ಆಗುತ್ತದೆ.

## ಹಂತ 7: ಒಂದೇ ದಿನ ನೂರಾರು ಜನ ಬಂದರೆ

ಗುರುತು ಹೀಗಿರುತ್ತದೆ: ಹಿಂದೆ ಯಾವತ್ತೂ ಕಾಣದ ಹೆಸರುಗಳು, ಒಂದೇ ಗಂಟೆಯಲ್ಲಿ, ಹೆಚ್ಚುಕಮ್ಮಿ ಒಂದೇ ಮಾತು. ಅಂದರೆ ಯಾವುದೋ ಟ್ರೋಲ್ ಪೇಜ್ ನಿಮ್ಮ ತುಣುಕು ಹಾಕಿದೆ.

ಮೊದಲು ಆ ವಿಡಿಯೊದ ಕಮೆಂಟನ್ನು "ಪಾಸ್" ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಇದ್ದ ಕಮೆಂಟ್ ಉಳಿಯುತ್ತವೆ, ಹೊಸವು ಬರುವುದಿಲ್ಲ. ಪೂರ್ತಿ ಆಫ್ ಮಾಡುವುದಕ್ಕಿಂತ ಇದು ಮೇಲು. ಇನ್‌ಸ್ಟಾಗ್ರಾಂನಲ್ಲಿ ನಿಮ್ಮನ್ನು ಫಾಲೋ ಮಾಡದವರ ಕಮೆಂಟ್, ಮೆಸೇಜುಗಳನ್ನು ಕೆಲವು ದಿನಕ್ಕೆ ಮಿತಿಗೊಳಿಸುವ ಆಯ್ಕೆ ಇದೆ, ಅದನ್ನು ಹಾಕಿ. ಫೋನನ್ನು ಮಾಡರೇಟರ್ ಕೈಗೆ ಕೊಡಿ.

48 ಗಂಟೆ ಸ್ಪಷ್ಟೀಕರಣದ ವಿಡಿಯೊ ಬೇಡ. ಇದು ನನ್ನ ನಿಯಮ, ಬೇರೆಯವರು ಒಪ್ಪದಿರಬಹುದು. ಅಳುತ್ತಾ ಮಾಡಿದ ಲೈವ್ ಟ್ರೋಲ್ ಪೇಜಿಗೆ ಇನ್ನೊಂದು ವಾರದ ಊಟ. ತಪ್ಪು ನಿಮ್ಮದೇ ಆಗಿದ್ದರೆ, ಒಂದು ಊರಿನ, ಸಮುದಾಯದ ಬಗ್ಗೆ ಬಾಯಿ ಜಾರಿದ್ದರೆ, ಆಗ ಮಾತ್ರ ಕಾಯಬೇಡಿ. ಎರಡು ಸಾಲಿನಲ್ಲಿ ಕ್ಷಮೆ ಕೇಳಿ. "ಯಾರಿಗಾದರೂ ನೋವಾಗಿದ್ದರೆ" ಅಂತ ಬರೆಯಬೇಡಿ. ನೋವಾಗಿದೆ ಅಂತಲೇ ಅವರು ಬಂದಿದ್ದಾರೆ.

ನಿಮ್ಮ ವಿಡಿಯೊವನ್ನು ಇಡಿಯಾಗಿ ಎತ್ತಿ ಹಾಕಿಕೊಂಡಿದ್ದರೆ ಕಾಪಿರೈಟ್ ದೂರು ಕೊಡಬಹುದು. ಆದರೆ ಟೀಕೆ, ವಿಮರ್ಶೆಗಾಗಿ ನ್ಯಾಯವಾಗಿ ಬಳಸಿಕೊಳ್ಳಲು 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52 ಅವಕಾಶ ಕೊಡುತ್ತದೆ. ಟೀಕೆ ಅಡಗಿಸಲು ಸುಳ್ಳು ಸ್ಟ್ರೈಕ್ ಹಾಕಿದರೆ ಅದು ನಿಮ್ಮ ಚಾನೆಲ್‌ಗೇ ತಿರುಗಿ ಬೀಳಬಹುದು.

## ಹಂತ 8: ದೂರು

ಪ್ರಾಣಕ್ಕೆ ಅಪಾಯ ಅನ್ನಿಸಿದರೆ, ಯಾರಾದರೂ ಮನೆ ಹತ್ತಿರ ಸುಳಿಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಮಿಕ್ಕದ್ದೆಲ್ಲ ಆಮೇಲೆ.

ಉಳಿದ ಸಂದರ್ಭದಲ್ಲಿ ಮೊದಲು ಆ ಆಪ್‌ನಲ್ಲೇ ರಿಪೋರ್ಟ್ ಮಾಡಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು. ರಿಪೋರ್ಟ್ ಬಟನ್‌ನಿಂದ ಕೆಲಸವಾಗದಿದ್ದರೆ ಅವರಿಗೆ ಬರೆಯಿರಿ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು.

ಅಶ್ಲೀಲವಾಗಿ ತಿರುಚಿದ ಅಥವಾ ಖಾಸಗಿ ಫೋಟೊ ಹರಡುತ್ತಿದ್ದರೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಕಂಪನಿಗಳಿಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅದರಲ್ಲಿ ಸೇರಿವೆ. ನಾಚಿಕೆಯಿಂದ ತಡ ಮಾಡಬೇಡಿ.

ಪೊಲೀಸ್ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ: ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್. 1930 ಸಹಾಯವಾಣಿ ಮುಖ್ಯವಾಗಿ ದುಡ್ಡು ಹೋದವರಿಗೆ. ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ, ಸೈಬರ್ ಪ್ರಕರಣ ನೋಡುವವರು ಅವರೇ. ಹತ್ತಿರದ ಠಾಣೆಗೂ ಹೋಗಬಹುದು. "ನಮ್ಮ ವ್ಯಾಪ್ತಿ ಅಲ್ಲ" ಎಂದರೆ ಝೀರೋ ಎಫ್‌ಐಆರ್ (ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್) ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಲ್ಲಿ ಅದಕ್ಕೆ ದಾರಿ ಇದೆ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಿಕೊಳ್ಳದಿದ್ದರೆ ಅದೇ ಸೆಕ್ಷನ್ ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಿ.

ಹೋಗುವಾಗ ಸ್ಕ್ರೀನ್‌ಶಾಟ್‌ಗಳ ಕಲರ್ ಪ್ರಿಂಟ್, ಲಿಂಕ್‌ಗಳ ಪಟ್ಟಿ, ಪೆನ್‌ಡ್ರೈವ್, ಆಧಾರ್ ಪ್ರತಿ ಇಟ್ಟುಕೊಳ್ಳಿ. ದೂರಿನಲ್ಲಿ ತಾರೀಖಿನ ಪ್ರಕಾರ ನಡೆದದ್ದನ್ನು ಬರೆಯಿರಿ. ಬೈಗುಳವನ್ನು "ಅಸಭ್ಯ ಪದ" ಅಂತ ಮರೆಮಾಚದೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಸೆಕ್ಷನ್ ಹಾಕುವುದು ಪೊಲೀಸರ ಕೆಲಸ. ಆದರೂ ತಿಳಿದಿರಲಿ: ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂಬಾಲಿಸಿ ಪೀಡಿಸುವುದಕ್ಕೆ 78, ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಮಾತಿಗೆ 79, ಬೆದರಿಕೆಗೆ 351. ಅಶ್ಲೀಲ ಚಿತ್ರಗಳಿಗೆ ಐಟಿ ಕಾಯ್ದೆಯ 67 ಮತ್ತು 67ಎ.

ಐಟಿ ಕಾಯ್ದೆಯ 66ಎ ಎಂದು ಮಾತ್ರ ಬರೆಯಬೇಡಿ. ನೆಟ್‌ನಲ್ಲಿ ಸಿಗುವ ಹಳೆಯ ದೂರಿನ ಮಾದರಿಗಳಲ್ಲಿ ಅದು ಇನ್ನೂ ಇದೆ. ನೆಟ್‌ನಲ್ಲಿ ಚುಚ್ಚುವ ಮಾತು ಬರೆದರೂ ಕೇಸ್ ಹಾಕಲು ಬಿಡುತ್ತಿದ್ದ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. "ಅಡುಗೆ ದಂಡ" ಎಂದವನ ಮೇಲೆ ಕೇಸ್ ಆಗುವುದಿಲ್ಲ, ಆಗಲೂಬಾರದು.

## ಹಂತ 9: ನಿಮ್ಮ ಕಡೆಯೂ ಒಂದು ಕಣ್ಣಿರಲಿ

ಅಪಾಯದ ಗುರುತುಗಳು ಪರದೆಯ ಹೊರಗೂ ಇರುತ್ತವೆ. ರಾತ್ರಿ 2 ಗಂಟೆಗೆ ಎದ್ದು ಕಮೆಂಟ್ ನೋಡುವುದು. ಮರೆಮಾಡಿದವನ ಪ್ರೊಫೈಲನ್ನು ನೀವೇ ಹುಡುಕಿಕೊಂಡು ಹೋಗುವುದು. ಒಬ್ಬನ ಮಾತಿಗೆ ಸೀರೆ, ಮಾತಿನ ಧಾಟಿ, ಮಾಡುವ ಅಡುಗೆ ಎಲ್ಲಾ ಬದಲಿಸುವುದು. ಕ್ಯಾಮೆರಾ ಆನ್ ಮಾಡಿದ ಕೂಡಲೇ ಹೊಟ್ಟೆ ಕಿವುಚುವುದು. ಮನೆಯವರ ಮೇಲೆ ರೇಗುವುದು. ಎರಡು ವಾರ ಹೀಗೇ ನಡೆದರೆ ಕಮೆಂಟ್ ಓದುವುದನ್ನು ಪೂರ್ತಿ ಬೇರೆಯವರಿಗೆ ಬಿಡಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಅಲ್ಲ, ಎರಡು ನಿಮಿಷವೂ ಕಾಯಬೇಡಿ. ಫೋನ್ ಮಾಡಿ, ಪಕ್ಕದಲ್ಲಿರುವವರಿಗೂ ಹೇಳಿ.

## ಹಂತ 10: ತಿಂಗಳಿಗೊಮ್ಮೆ

ಯೂಟ್ಯೂಬ್‌ನಲ್ಲಿ ಪರಿಶೀಲನೆಗೆ ತಡೆಹಿಡಿದ ಕಮೆಂಟ್‌ಗಳು 60 ದಿನದವರೆಗೆ ಮಾತ್ರ ಇರುತ್ತವೆ. ಹಾಗಾಗಿ ತಿಂಗಳ ಮೊದಲ ಭಾನುವಾರ ನಾನೂ ತಂಗಿಯೂ ಕೂತು ಆ ಡಬ್ಬಿ ತೆರೆಯುತ್ತೇವೆ. ತಪ್ಪಾಗಿ ಸಿಕ್ಕವರನ್ನು ಬಿಡುತ್ತೇವೆ, ಪದಪಟ್ಟಿಯಲ್ಲಿ ನಾಲ್ಕು ಸೇರಿಸಿ ಎರಡು ತೆಗೆಯುತ್ತೇವೆ, ಶೀಟಿನಲ್ಲಿ ಒಂದೇ ಹ್ಯಾಂಡಲ್ ಮತ್ತೆ ಮತ್ತೆ ಬಂದಿದೆಯಾ ನೋಡುತ್ತೇವೆ. ಮುಕ್ಕಾಲು ಗಂಟೆಯ ಕೆಲಸ. ಹೋದ ತಿಂಗಳು ಡಬ್ಬಿಯ ತಳದಲ್ಲಿ ಸಿಕ್ಕಿದ್ದು, 41 ದಿನದಿಂದ ಕಾಯುತ್ತಿದ್ದ ಒಬ್ಬ ಹುಡುಗನ ಪ್ರಶ್ನೆ: "ಅಕ್ಕ, ಹಾಸ್ಟೆಲ್‌ನಲ್ಲಿ ಕುಕ್ಕರ್ ಇಲ್ಲ, ಬಿಸಿಬೇಳೆ ಬಾತ್ ಪಾತ್ರೆಯಲ್ಲಿ ಮಾಡಬಹುದಾ?" ಯಾವ ಪದಕ್ಕೆ ಸಿಕ್ಕಿಬಿದ್ದಿದ್ದನೋ ಇನ್ನೂ ಗೊತ್ತಾಗಿಲ್ಲ. ಮಾಡಬಹುದು ಅಂತ ಬರೆದೆ. ಬೇಳೆ ಮೊದಲು ಬೇಯಿಸಿಕೋ, ನೀರು ಸ್ವಲ್ಪ ಜಾಸ್ತಿ ಇಡು.